ಗಂಧಕಾಮ್ಲದ ಅಂತಸ್ತು

ಗಂಧಕಾಮ್ಲಕ್ಕೆ ನಮ್ಮ ಸಮೋವಾ ಭಾಷೆಯಲ್ಲಿ ಹೆಸರಿಲ್ಲವೆಂಬ ಸಂಗತಿಯು ಫೆಬ್ರವರಿ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಅಧಿಕೃತವಾಗಿ ಪತ್ತೆಯಾಯಿತು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅದು ವಾಇಮೌಲಿ ಪ್ರೌಢಶಾಲೆಯ ಬೀರುವಿನಲ್ಲಿ ಇಂಗ್ಲಿಷ್ ಹೆಸರಿನಲ್ಲೇ ಹೇಗೋ ಕಾಲ ಹಾಕಿತ್ತು. ಯಾರೂ ಅದನ್ನು ಮಾತನಾಡಿಸಿರಲಿಲ್ಲ, ಅದೂ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಆದರೆ ಹಿಂದಿನ ನವೆಂಬರಿನಲ್ಲಿ ಲನುವೋಲಾ ಎಂಬ ವಿದ್ಯಾರ್ಥಿನಿ ಪರೀಕ್ಷೆಯ ಹೊತ್ತಿಗೆ ಆಮ್ಲದ ಲೋಟಕ್ಕೆ ನೀರು ಸುರಿದಳು. ಪ್ರಯೋಗದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ, ‘ಸೂಕ್ತ ಕ್ರಮದಲ್ಲಿ ಬೆರೆಸಿ’ ಎಂದಷ್ಟೇ ಬರೆದಿತ್ತು. ಸೂಕ್ತ ಕ್ರಮ ಯಾವುದೆಂದು ಹಾಳೆಗೆ ಗೊತ್ತಿತ್ತು, ಹುಡುಗಿಗೆ ಗೊತ್ತಿರಲಿಲ್ಲ. ಆಮ್ಲ ಕುದ್ದು ಹಾರಿತು. ಆ ಕ್ಷಣಕ್ಕೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದರಿಂದ ಕಣ್ಣು ಉಳಿಯಿತು. ಕಿವಿಯ ಕೆಳಗಿನಿಂದ ಕೊರಳಿನವರೆಗೆ ಕಲೆ ಉಳಿಯಿತು. ರಸಾಯನಶಾಸ್ತ್ರದ ಶಿಕ್ಷಕಿ ಪಿಸಾಯಿನಾ ಅವಳನ್ನು ಪಿಕಪ್ ಗಾಡಿಯ ಹಿಂದೆ ಕೂರಿಸಿಕೊಂಡು, ಆಸ್ಪತ್ರೆ ಮುಟ್ಟುವವರೆಗೂ ಡಬ್ಬಿ ಡಬ್ಬಿ ನೀರು ಹುಯ್ಯುತ್ತಾ ಹೋದರು. ಮರುದಿನದಿಂದ ಅವರು ಅರ್ಜಿ ಬರೆಯತೊಡಗಿದರು. ಒಟ್ಟು ಹನ್ನೊಂದು ಅರ್ಜಿ. ಎಲ್ಲದರಲ್ಲಿಯೂ ಕೋರಿಕೆ ಒಂದೇ. ಮಕ್ಕಳ ಪ್ರಯೋಗಪುಸ್ತಕದಲ್ಲಿ ಒಂದೇ ಒಂದು ವಾಕ್ಯ ನಮ್ಮ ಭಾಷೆಯಲ್ಲಿ ಇರಬೇಕು: ‘ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಎಂದಿಗೂ ಹಾಕಬೇಡಿ.’

ಒಂದೇ ವಾಕ್ಯವಾದ್ದರಿಂದ ಒಂದೇ ಸಮಿತಿ ಸಾಕೆಂದು ಮೇಲಿನವರು ತೀರ್ಮಾನಿಸಿದರು. ಹೀಗೆ ‘ರಸಾಯನಶಾಸ್ತ್ರೀಯ ಪದಗಳನ್ನು ಗೌರವಪೂರ್ವಕವಾಗಿ ಭಾಷಾಂತರಿಸುವ ತಾತ್ಕಾಲಿಕ ಸಮಿತಿ’ ಹುಟ್ಟಿತು. ಹೆಸರಿನಲ್ಲಿ ತಾತ್ಕಾಲಿಕ ಎಂದಿರುವುದರಿಂದ ಅದು ಇಂದಿಗೂ ಇದೆ.

ಅಧ್ಯಕ್ಷರು ಅಫಮಾಸಂಗ. ನಮ್ಮ ಊರಿನ ಹಿರಿಯ ಮತಾಯಿ, ಅಂದರೆ ಬಿರುದು ಹೊತ್ತ ಮನೆತನದ ಯಜಮಾನರು, ತೂಕದಲ್ಲಿಯೂ ಹಿರಿಯರೇ. ಎರಡನೆಯವರು ಲೌತಾಫಿ. ಇವರು ವಾಗ್ಮಿ ಮತಾಯಿ. ದೊಡ್ಡವರ ಪರವಾಗಿ ಕೋಲು ಹಿಡಿದು ಭಾಷಣ ಮಾಡುವ ಹಕ್ಕು ಇವರ ಮನೆತನದ್ದು. ಮೂರನೆಯವರು ಪಾದ್ರಿ ಎನೋಕಾ. ಸಭೆ ಶುರುವಾಗುವಾಗ ಪ್ರಾರ್ಥನೆ ಹೇಳಿ, ಮುಗಿಯುವಾಗ ಎದ್ದು ಮತ್ತೆ ಪ್ರಾರ್ಥನೆ ಹೇಳುತ್ತಿದ್ದರು. ನಡುವೆ ನಿದ್ದೆ. ಪಿಸಾಯಿನಾ ಅವರನ್ನು ‘ವಿಷಯ ಬಲ್ಲವರು’ ಎಂದು ಸೇರಿಸಲಾಯಿತು. ಸಮಿತಿಯ ನಾಲ್ಕನೆಯ ನಿಯಮದಂತೆ ವಿಷಯ ಬಲ್ಲವರಿಗೆ ಮತವಿಲ್ಲ, ಏಕೆಂದರೆ ವಿಷಯ ಬಲ್ಲವರು ಯಾವಾಗಲೂ ವಿಷಯದ ಪರ ವಹಿಸುತ್ತಾರೆ.

ನಾನು ಕಾರ್ಯದರ್ಶಿ. ಹೆಸರು ಸೆಮೋ. ವಯಸ್ಸು ಐವತ್ತಾರು, ಬಿರುದಿಲ್ಲ. ಬಿರುದಿಲ್ಲದವನಾದ್ದರಿಂದ ನಡಾವಳಿ ಬರೆಯುವುದರ ಜೊತೆಗೆ ಅವಾ ಬೇರನ್ನು ನೆನೆಸಿ ಹಿಂಡಿ ಕುಡಿಯಲು ಕೊಡುವುದು, ಕೋಕೋ ಕಾಯಿಸುವುದು, ಚಾಪೆ ಹಾಸುವುದು ಕೂಡ ನನ್ನ ಪಾಲಿಗೆ ಬಂತು. ಇದನ್ನು ದೂರು ಎಂದು ಯಾರೂ ಭಾವಿಸಬಾರದು.

ಮೊದಲ ಸಭೆ ಅಫಮಾಸಂಗರ ಅತಿಥಿಮನೆಯಲ್ಲಿ ಸೇರಿತು. ಗೋಡೆಯಿಲ್ಲದ ಮನೆ, ಸುತ್ತ ಕಂಬ, ಕಂಬಕ್ಕೊಬ್ಬರು ಒರಗಿ ಕುಳಿತರು. ಹೆಸರಿನ ಕೆಲಸ ನಾಲ್ಕೇ ನಿಮಿಷದಲ್ಲಿ ಮುಗಿದುಹೋಯಿತು. ಗಂಧಕಕ್ಕೆ ನಮ್ಮಲ್ಲಿ ಪದವಿದೆ, ಹುಳಿಗೂ ಪದವಿದೆ, ಎರಡನ್ನೂ ಕೂಡಿಸಿದರಾಯಿತು ಎಂದು ಪಿಸಾಯಿನಾ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರೂ ಒಲೆಯ ಕಡೆ ನೋಡಿದರು. ಕೋಕೋ ಇನ್ನೂ ಕುದಿ ಬಂದಿರಲಿಲ್ಲ. ಕೋಕೋ ಕುದಿಯುವ ಮೊದಲೇ ಕೆಲಸ ಮುಗಿಸಿದ ಸಮಿತಿ ಈ ದ್ವೀಪದಲ್ಲಿ ಹಿಂದೆಂದೂ ಇದ್ದಿಲ್ಲ. ಮುಖ್ಯವಾಗಿ ಹಿತ್ತಲಿನ ನೆಲದೊಲೆಯಲ್ಲಿ ಹಂದಿ ಬೇಯುತ್ತಿತ್ತು.

ಆಗ ಲೌತಾಫಿ ಗಂಟಲು ಸರಿಮಾಡಿಕೊಂಡು ಕೇಳಿದರು: “ಅಲ್ಲಾ, ಹೆಸರೇನೋ ಆಯ್ತು. ಇದು ಯಾವ ಮನೆತನದ್ದು?”

“ಯಾವುದು?” ಎಂದರು ಪಿಸಾಯಿನಾ.

“ಇದೇ, ನಿಮ್ಮ ಆಮ್ಲ. ದೊಡ್ಡ ಮತಾಯಿಯೋ, ನಮ್ಮ ಹಾಗೆ ವಾಗ್ಮಿಯೋ, ಇಲ್ಲಾ ಈ ಸೆಮೋ ಥರ ಬರಿಗೈಯವನೋ? ಅದು ಗೊತ್ತಿಲ್ದೆ ವಾಕ್ಯ ಹೆಂಗಮ್ಮಾ ಮಾಡೋದು?”

ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಎದುರಿಗಿರುವವರ ಅಂತಸ್ತು ತಿಳಿಯದೆ ಬಾಯಿ ತೆರೆಯುವ ಹಾಗಿಲ್ಲ. ಯಾರು ಯಾವ ಕಂಬಕ್ಕೆ ಒರಗಬೇಕು, ಅವಾ ಬಟ್ಟಲು ಮೊದಲು ಯಾರ ಕೈಗೆ ಹೋಗಬೇಕು, ಹಂದಿಯ ಯಾವ ಭಾಗ ಯಾರ ಎಲೆಗೆ, ಯಾರು ಯಾರ ಮನೆಗೆ ನಡೆದು ಹೋಗಬೇಕು, ಎಲ್ಲವೂ ನಿಶ್ಚಯ. ತಪ್ಪಿದರೆ ಊರು ಮೂರು ತಲೆಮಾರು ಮಾತನಾಡಿಕೊಳ್ಳುತ್ತದೆ.

“ಅದೊಂದು ದ್ರವ ಯಜಮಾನ್ರೇ,” ಎಂದರು ಪಿಸಾಯಿನಾ. “ಅದಕ್ಕೆ ಅಂತಸ್ತು ಇಲ್ಲ.”

“ಅಂತಸ್ತು ಇಲ್ದೇ ಇದ್ರೆ ಅಷ್ಟು ದರ್ಪ ಎಲ್ಲಿಂದ ಬಂತು?” ಎಂದು ಅಫಮಾಸಂಗ ಕೇಳಿದರು. “ಮುಟ್ಟಿದವರನ್ನ ಸುಡತ್ತೆ ಅಂತ ನೀನೇ ಬರ್ದಿದೀಯಾ. ಕೆಳಗಿನವರು ಯಾರಾದ್ರೂ ಹಂಗೆ ಸುಡ್ತಾರಾ?”

ಸಮಿತಿ ಪುರಾವೆ ಕೇಳಿತು. ಮುಂದಿನ ಸಭೆಗೆ ಲೌತಾಫಿಯವರು ಶಾಲೆಯ ಗ್ರಂಥಾಲಯದಿಂದ ಗೆದ್ದಲು ಹಿಡಿದ ಒಂದು ವಿಲಾಯಿತಿ ಪುಸ್ತಕ ತಂದರು. ಅದರ ನೂರ ಹನ್ನೆರಡನೆಯ ಪುಟದಲ್ಲಿ ಗಂಧಕಾಮ್ಲವನ್ನು ‘ರಾಸಾಯನಿಕಗಳ ರಾಜ’ ಎಂದು ಕರೆಯಲಾಗಿತ್ತು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಗಂಧಕಾಮ್ಲವು ಅತ್ಯುನ್ನತ ದರ್ಜೆಯ ಮತಾಯಿಯೆಂದು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಪಾದ್ರಿಗಳ ನಿದ್ದೆಯನ್ನು ಒಪ್ಪಿಗೆಯೆಂದು ನಾನು ದಾಖಲಿಸಿದೆ.

ಬಿರುದೆಂದ ಮೇಲೆ ಬಿರುದು ವಹಿಸುವ ಸಮಾರಂಭ ಆಗಲೇಬೇಕು. ಮಾರ್ಚ್ ತಿಂಗಳಲ್ಲಿ ಆಯಿತು. ಮಕ್ಕಳ ತಂದೆತಾಯಿಗಳು ಏಳು ಹಂದಿ, ಮೂವತ್ತು ಡಬ್ಬ ಗೋಮಾಂಸ, ನಯವಾದ ಚಾಪೆಗಳನ್ನು ತಂದರು. ಬಾಟಲಿಯನ್ನು ಮೇಲಿನ ಕಂಬದ ಬಳಿ ಕೂರಿಸಿ ಕೊರಳಿಗೆ ಹೂಮಾಲೆ ಹಾಕಲಾಯಿತು. ಹಂದಿ ಹಂಚುವಾಗ ದೊಡ್ಡ ಮತಾಯಿಗೆ ಸಲ್ಲುವ ಸೊಂಟದ ತುಂಡನ್ನು ಬಾಟಲಿಯ ಮುಂದೆ ಇಟ್ಟರು. ಬಾಟಲಿ ತಿನ್ನಲಿಲ್ಲ. ಸಭೆ ಸ್ವಲ್ಪ ಹೊತ್ತು ಕಾಯಿತು. ನಂತರ ಐದನೆಯ ನಿಯಮವನ್ನು ಸ್ಥಳದಲ್ಲಿಯೇ ರಚಿಸಲಾಯಿತು: ‘ಯಾವುದೇ ರಾಸಾಯನಿಕವು ತನ್ನ ಪಾಲನ್ನು ಸ್ವತಃ ಸೇವಿಸಲು ಅಶಕ್ತವಾದ ಪಕ್ಷದಲ್ಲಿ, ಅದರ ಪರವಾಗಿ ಸಮಿತಿಯ ಅಧ್ಯಕ್ಷರು ಸೇವಿಸತಕ್ಕದ್ದು.’ ಅಂದಿನಿಂದ ಊರಿನಲ್ಲಿ ಮದುವೆಯಾಗಲಿ, ಸಾವಾಗಲಿ, ಅಫಮಾಸಂಗರಿಗೆ ಎರಡು ಪಾಲು. ಒಂದು ಅವರದು, ಒಂದು ಗಂಧಕಾಮ್ಲದ್ದು. ಎರಡನ್ನೂ ಅವರು ಒಂದೇ ನಿಷ್ಠೆಯಿಂದ ಮುಗಿಸುತ್ತಿದ್ದರು.

ಬೀರುವಿನ ಪ್ರಶ್ನೆ ಎದ್ದಿತು. ದೊಡ್ಡವರಿಗಿಂತ ಎತ್ತರದಲ್ಲಿ ಯಾರೂ ತಲೆ ಎತ್ತಿ ನಿಲ್ಲುವಂತಿಲ್ಲ. ಆಮ್ಲವೋ ಕೆಳಗಿನ ಅರೆಯಲ್ಲಿತ್ತು. ಮೇಲಿನ ಅರೆಗೆ ಏರಿಸಿ ಎಂದು ಅಫಮಾಸಂಗ ಹೇಳಿದಾಗ ಪಿಸಾಯಿನಾ ಕೈಮುಗಿದುಬಿಟ್ಟರು: “ಬೇಡಿ ಯಜಮಾನ್ರೇ, ಮೇಲಿಂದ ಬಿದ್ರೆ ಮಕ್ಕಳ ತಲೆ ಮೇಲೇ ಬೀಳತ್ತೆ.” ಸಮಿತಿ ದೊಡ್ಡ ಮನಸ್ಸು ಮಾಡಿತು. ಬಾಟಲಿ ಕೆಳಗೇ ಇರಲಿ, ಬೀರುವಿನ ಮುಂದೆ ಹಾಯುವವರು ಬಾಟಲಿಗಿಂತ ಕೆಳಗೆ ಬಗ್ಗಲಿ ಎಂದಾಯಿತು. ಆ ವಾರದಿಂದ ಪ್ರಯೋಗಾಲಯದ ಅರ್ಧ ಭಾಗದಲ್ಲಿ ಎಲ್ಲರೂ ಅಂಬೆಗಾಲಿಡತೊಡಗಿದರು. ಮುಖ್ಯೋಪಾಧ್ಯಾಯರು ತಮ್ಮ ಮಂಡಿಗೆ ಹಳೆಯ ಟಯರಿನ ತುಂಡು ಕಟ್ಟಿಕೊಂಡರು. ಒಳ್ಳೆಯ ಉಪಾಯವೆಂದು ಎಲ್ಲರೂ ಮೆಚ್ಚಿದರು.

ಇಷ್ಟರಲ್ಲಿ ಆಗಸ್ಟ್ ಬಂತು. ಪುಸ್ತಕ ಅಚ್ಚಿಗೆ ಹೋಗಲು ಸೆಪ್ಟೆಂಬರ್ ಕೊನೆಯ ಶುಕ್ರವಾರ ಗಡುವು. ತಪ್ಪಿದರೆ ನವೆಂಬರ್ ಪರೀಕ್ಷೆಗೆ ಮತ್ತೆ ಅದೇ ಇಂಗ್ಲಿಷ್ ಹಾಳೆ. ಪಿಸಾಯಿನಾ ಪ್ರತಿ ಸಭೆಗೂ ತಮ್ಮ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಬಂದು, ಚೀಟಿಯ ಸಮೇತ ಹಿಂದಿರುಗುತ್ತಿದ್ದರು. ಲನುವೋಲಾ ಹಿಂದಿನ ವರ್ಷ ಪರೀಕ್ಷೆ ಮುಗಿಸದ ಕಾರಣ ಈ ವರ್ಷವೂ ಅದೇ ತರಗತಿಯಲ್ಲಿದ್ದಳು. ಅವಳು ಕೂದಲನ್ನು ಕಲೆಯ ಕಡೆಗೇ ಬಾಚಿಕೊಳ್ಳುತ್ತಾಳೆಂದು ಪಿಸಾಯಿನಾ ಒಮ್ಮೆ ನನ್ನೊಡನೆ ಹೇಳಿದರು. ನನಗೆ ಸಂಕಟವಾಯಿತು. ಆದರೆ ಸಂಕಟವನ್ನು ದಾಖಲಿಸಲು ನಡಾವಳಿ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹದಿನಾಲ್ಕನೆಯ ಸಭೆಯಲ್ಲಿ ಕೊನೆಗೂ ವಾಕ್ಯ ಮಂಡನೆಯಾಯಿತು. ‘ಆಮ್ಲವನ್ನು ನೀರಿಗೆ ಹಾಕಿ’ ಎಂದು ನಾನು ಗಟ್ಟಿಯಾಗಿ ಓದಿದೆ.

ಲೌತಾಫಿ ಹಿಡಿದಿದ್ದ ಕೋಕೋ ಬಟ್ಟಲನ್ನು ಕೆಳಗಿಟ್ಟರು. “ಏನಂದೆ?”

ಮತ್ತೆ ಓದಿದೆ.

“ಅಂದ್ರೆ, ಅಷ್ಟು ದೊಡ್ಡ ಮತಾಯಿ ಎದ್ದು ನೀರಿನ ಮನೆ ಬಾಗ್ಲಿಗೆ ಹೋಗ್ಬೇಕಾ?”

“ನೀರು ಯಾರು?” ಎಂದು ಅಫಮಾಸಂಗ ಕೇಳಿದರು. “ಏನವನ ಅಂತಸ್ತು?”

ನೀರಿನ ಹಿನ್ನೆಲೆಯನ್ನು ಪರಿಶೀಲಿಸಲಾಯಿತು. ನೀರು ಪಾತ್ರೆ ತೊಳೆಯುತ್ತದೆ, ಕಾಲು ತೊಳೆಯುತ್ತದೆ, ಬಟ್ಟೆ ಒಗೆಯುತ್ತದೆ, ಹಂದಿಗೂ ಸಿಗುತ್ತದೆ, ಕರೆದಲ್ಲಿಗೆ ಹೋಗುತ್ತದೆ, ಎಲ್ಲಿ ಬಿಟ್ಟರೂ ಕೆಳಕ್ಕೇ ಇಳಿಯುತ್ತದೆ. ನೀರು ಬಿರುದಿಲ್ಲದ ಆಳು ಎಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ಅದನ್ನು ನಾನು ಚಿಕ್ಕ ಅಕ್ಷರದಲ್ಲಿ ಬರೆದುಕೊಂಡೆ. ದಿನವಿಡೀ ದುಡಿದು ಕೊನೆಯ ಕಂಬದಾಚೆ ಕೂರುವವರ ಪಾಡು ನನಗೆ ಗೊತ್ತು.

ತಿದ್ದಿದ ವಾಕ್ಯ ಹೀಗಾಯಿತು: ‘ನೀರು ಎಂಬಾತನು ತಲೆ ಬಗ್ಗಿಸಿ ಶ್ರೀಮನ್ಮಹಾ ಗಂಧಕಾಮ್ಲದವರ ಸನ್ನಿಧಿಗೆ ಬರತಕ್ಕದ್ದು. ಗಂಧಕಾಮ್ಲದವರು ಯಾವ ಕಾರಣಕ್ಕೂ ನೀರಿನ ಬಳಿಗೆ ಹೋಗತಕ್ಕದ್ದಲ್ಲ.’

ಪಿಸಾಯಿನಾ ಎದ್ದು ನಿಂತರು. ಹೆಂಗಸು, ಅದೂ ಮತವಿಲ್ಲದವರು, ಸಭೆಯ ನಡುವೆ ಎದ್ದು ನಿಲ್ಲುವುದು ನಮ್ಮಲ್ಲಿ ಇಲ್ಲ. “ಅಯ್ಯೋ, ಇದು ತಲೆಕೆಳಗು! ಹಿಂಗೆ ಬರ್ದ್ರೆ ಇಡೀ ದ್ವೀಪದ ಮಕ್ಕಳು ಆಮ್ಲಕ್ಕೆ ನೀರು ಸುರೀತಾರೆ. ಕುದ್ದು ಮುಖಕ್ಕೆ ಹಾರತ್ತೆ. ಲನುವೋಲಾ ಮಾಡಿದ್ದೂ ಇದನ್ನೇ!”

“ಕೂತ್ಕೋಮ್ಮಾ,” ಎಂದರು ಲೌತಾಫಿ ಸಮಾಧಾನವಾಗಿ. “ಹಾರದೆ ಏನ್ಮಾಡತ್ತೆ? ಹೇಳದೆ ಕೇಳದೆ ಒಬ್ಬ ಆಳು ದೊಡ್ಡೋರ ಮನೆಗೆ ಧಡಾರ್ ಅಂತ ನುಗ್ಗಿದ್ರೆ ನಾನೂ ಹಾರ್ತೀನಿ. ಆ ಹುಡುಗಿ ನೀರು ಹಾಕೋವಾಗ ಬಗ್ಗಿದ್ಲಾ? ‘ತುಲೌ’ ಅಂದ್ಲಾ?”

ಹಿರಿಯರ ಮುಂದೆ ಹಾಯುವಾಗ ಅಪ್ಪಣೆ ಬೇಡುವ ಮಾತು ತುಲೌ. ಲನುವೋಲಾ ಅಂದು ಅದನ್ನು ಹೇಳಿರಲಿಲ್ಲವೆಂಬುದು ನಿಜ.

“ಹೇಳಿದ್ರೂ ಹಾರ್ತಿತ್ತು!”

“ಅದನ್ನ ಪ್ರಯೋಗ ಮಾಡಿ ನೋಡಿದೀಯಾ? ವಿಜ್ಞಾನದವಳು ನೀನು. ಪ್ರಯೋಗ ಮಾಡ್ದೆ ಮಾತಾಡ್ಬಾರ್ದು.”

ಪಿಸಾಯಿನಾ ಹಲ್ಲು ಕಚ್ಚಿದರು. ಮರುವಾರ ರಕ್ಷಣೆಯ ಕನ್ನಡಕ, ಮೊಣಕೈವರೆಗಿನ ಕೈಗವಸು ತೊಟ್ಟು, ಗಾಜಿನ ಅಡ್ಡ ಹಲಗೆ ಹೊತ್ತು ತಂದರು. ಎಲ್ಲರೂ ಹತ್ತು ಹೆಜ್ಜೆ ಹಿಂದೆ ಕೂರಬೇಕೆಂದು ಬೇಡಿಕೊಂಡರು. ಅಫಮಾಸಂಗರು ಮಾತ್ರ ತಮ್ಮ ಕಂಬ ಬಿಡಲಿಲ್ಲ. ಅವರ ಅಜ್ಜನೂ ಅದೇ ಕಂಬಕ್ಕೆ ಒರಗಿದ್ದರಂತೆ. ಅಂದಿನ ಗೌರವಕ್ಕೆಂದು ಅವರು ತಮ್ಮ ಮನೆತನದ ನಯಚಾಪೆಯನ್ನು ಹಾಸಿಕೊಂಡಿದ್ದರು. ನಾಲ್ಕು ತಲೆಮಾರಿನದು, ರೇಷ್ಮೆಯಷ್ಟು ಮೆತ್ತಗೆ. ಪಿಸಾಯಿನಾ ಸೊಂಟ ಬಗ್ಗಿಸಿ, ಸ್ಪಷ್ಟವಾಗಿ “ತುಲೌ” ಎಂದು ಮೂರು ಸಲ ಹೇಳಿ, ಒಂದು ಚಮಚೆ ನೀರನ್ನು ಆಮ್ಲಕ್ಕೆ ಬಿಟ್ಟರು.

ಚುಯ್ ಎಂದಿತು. ಗಾಜಿನ ಹಲಗೆಯ ಪಕ್ಕದಿಂದ ಹಾರಿದ ಹನಿಗಳು ಚಾಪೆಯ ಮೇಲೆ ಬಿದ್ದವು. ಹನ್ನೊಂದು ಕರಿ ತೂತುಗಳನ್ನು ನಾನು ಎಣಿಸಿದೆ. ಯಜಮಾನರ ಕಾಲಿಗೆ ಬೀಳಲಿಲ್ಲ, ದೇವರು ದೊಡ್ಡವನು.

“ನೋಡಿದ್ರಾ?” ಎಂದರು ಪಿಸಾಯಿನಾ. ಅವರ ಕಣ್ಣಲ್ಲಿ ನೀರು ನಿಂತಿತ್ತು. “ಇದು ಚಾಪೆ. ಮಗುವಿನ ಮುಖ ಆಗಿದ್ರೆ?”

ಸಮಿತಿಯವರೆಲ್ಲ ಬಗ್ಗಿ ಚಾಪೆಯನ್ನು ನೋಡಿದರು. ಈಗಲಾದರೂ ಅರ್ಥವಾಯಿತೆಂದು ನಾನು ಭಾವಿಸಿದೆ. ಅಫಮಾಸಂಗರು ತೂತುಗಳ ಮೇಲೆ ಬೆರಳಾಡಿಸುತ್ತಾ ನಿಟ್ಟುಸಿರು ಬಿಟ್ಟರು. “ಇಷ್ಟು ಕೋಪಾನಾ,” ಎಂದರು. “ಮೂರು ಸಲ ತುಲೌ ಅಂದ್ರೂ ಕ್ಷಮಿಸ್ಲಿಲ್ಲ. ಹೋದ ವರ್ಷದ್ದೇ ಇನ್ನೂ ಮನಸಲ್ಲಿಟ್ಕೊಂಡಿದೆ ಅನ್ಸತ್ತೆ.”

“ಇಫೋಂಗ ಆಗ್ಬೇಕು,” ಎಂದರು ಲೌತಾಫಿ.

ಗಂಭೀರ ಅಪರಾಧ ನಡೆದಾಗ ತಪ್ಪು ಮಾಡಿದವರು ಬೆಳಗಾಗುವ ಮೊದಲೇ ನೊಂದವರ ಮನೆ ಮುಂದೆ ತಲೆಯ ಮೇಲೆ ಚಾಪೆ ಹೊದ್ದು ಕುಳಿತು ಕ್ಷಮೆ ಬೇಡುವುದು ಇಫೋಂಗ. ಅದು ಕೊಲೆಯ ಸೇಡನ್ನೂ ನಿಲ್ಲಿಸಿದ ದೊಡ್ಡ ಪದ್ಧತಿ. ನನ್ನ ಅಪ್ಪನೂ ಒಮ್ಮೆ ಹಾಗೆ ಕುಳಿತು ಒಂದು ಜೀವ ಉಳಿಸಿದ್ದ. ಈ ಸಲ ಒಂದು ಪ್ಲಾಸ್ಟಿಕ್ ಬಕೆಟ್ ಕುಳಿತಿತು. ನೀರು ತುಂಬಿದ ಬಕೆಟ್ಟಿನ ಮೇಲೆ ಚಾಪೆ ಹೊದಿಸಿ ಪ್ರಯೋಗಾಲಯದ ಬೀರುವಿನ ಮುಂದೆ ಇಡಲಾಯಿತು. ಮಧ್ಯಾಹ್ನದವರೆಗೆ ಬಿಸಿಲು ಏರಿತು. ಆಮ್ಲ ಏನೂ ಹೇಳಲಿಲ್ಲ. ಹನ್ನೆರಡು ಗಂಟೆಗೆ ಆಮ್ಲದ ಪರವಾಗಿ ಲೌತಾಫಿಯವರು ನಲವತ್ತು ನಿಮಿಷ ಮಾತನಾಡಿ, ನೀರನ್ನು ಕ್ಷಮಿಸಿ, ಚಾಪೆ ತೆಗೆದರು. ಆಮೇಲೆ ಊಟ. ಆಮ್ಲದ ಪಾಲು ಎಂದಿನಂತೆ.

ಮರುದಿನ ಪಿಸಾಯಿನಾ ನೇರವಾಗಿ ಅಫಮಾಸಂಗರ ಮನೆಗೆ ಹೋದರು. ನಾನೂ ಅಲ್ಲಿದ್ದೆ, ತೆಂಗಿನಕಾಯಿ ತುರಿಯುತ್ತಿದ್ದೆ.

“ಯಜಮಾನ್ರೇ, ಕಾಲಿಗೆ ಬೀಳ್ತೀನಿ. ಆಮ್ಲದ ಬಿರುದು ವಾಪಸ್ ತಗೊಳ್ಳಿ. ಆಳು ಅಂತ ಮಾಡಿ. ಆಗ ಅದು ನೀರಿನ ಹತ್ರ ಹೋದ್ರೆ ಯಾರಿಗೂ ಅವಮಾನ ಇಲ್ಲ.”

“ಕೊಟ್ಟ ಬಿರುದು ಕಿತ್ಕೊಳ್ಳೋದಾ?” ಯಜಮಾನರು ನಿಜವಾಗಿಯೂ ನೊಂದುಕೊಂಡರು. “ಮಾರ್ಚಿಂದ ಅದು ತಿಂದಿರೋ ಹಂದಿಗೆಲ್ಲ ಏನು ಹೇಳ್ಲಿ?”

“ಅದು ತಿಂದಿಲ್ಲ, ನೀವು ತಿಂದಿದ್ದು.”

“ಅದರ ಪರವಾಗಿ,” ಎಂದು ಅವರು ಶಾಂತವಾಗಿ ತಿದ್ದಿದರು.

ಗಡುವಿಗೆ ಎಂಟು ದಿನ ಉಳಿದಿತ್ತು. ಹೊರಗೆ ಬಂದ ಪಿಸಾಯಿನಾ ಬ್ರೆಡ್‌ಫ್ರೂಟ್ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತರು. “ಸೆಮೋ ಅಣ್ಣ,” ಎಂದರು, “ಇವರಿಗೆ ರಸಾಯನಶಾಸ್ತ್ರ ಹೇಳಿ ಹೇಳಿ ಸಾಕಾಯ್ತು. ನಾಳೆಯಿಂದ ಹೇಳಲ್ಲ.”

ಕೈಬಿಟ್ಟರೆಂದು ನಾನು ತಿಳಿದುಕೊಂಡೆ. ದುಃಖವಾಯಿತು. ಆದರೆ ಸೋಮವಾರದ ಸಭೆಗೆ ಅವರು ಎಲ್ಲರಿಗಿಂತ ಮೊದಲು ಬಂದು, ಚೀಟಿಯಿಲ್ಲದೆ, ಕೈಕಟ್ಟಿ, ತಮ್ಮ ಜಾಗದಲ್ಲಿ ವಿನಯವಾಗಿ ಕುಳಿತಿದ್ದರು.

“ಯಜಮಾನ್ರೇ, ಒಂದು ಮಾತು ಕೇಳಲಾ? ನಿನ್ನೆ ಬೆಳಿಗ್ಗೆ ಬಿಳೀ ಬಟ್ಟೆ ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?”

“ಭಾನುವಾರ ಎಲ್ಲಿಗೆ ಹೋಗ್ತಾರಮ್ಮಾ? ಚರ್ಚಿಗೆ.”

“ಪಾದ್ರಿಗಳು ಎಲ್ಲಿದ್ರು?”

“ಅಲ್ಲೇ. ಮೇಲೆ, ಪೀಠದಲ್ಲಿ.”

“ನೀವು ಇಷ್ಟು ದೊಡ್ಡ ಮತಾಯಿ. ಅವರೇ ನಿಮ್ಮ ಮನೆಗೆ ಬಂದು ಬೋಧನೆ ಮಾಡಿ ಹೋಗ್ಬೋದಿತ್ತಲ್ಲ?”

ಸಭೆ ನಕ್ಕಿತು. “ಹುಚ್ಚೀ,” ಎಂದರು ಅಫಮಾಸಂಗ. “ದೇವರ ಸೇವಕರು ಅವರು. ಎಂಥಾ ಮತಾಯಿ ಆದ್ರೂ ಅವರಿದ್ದಲ್ಲಿಗೆ ನಡ್ಕೊಂಡು ಹೋಗ್ಬೇಕು. ನನ್ನ ಅಜ್ಜನೂ ಹೋಗ್ತಿದ್ರು.”

“ಹೋದ್ರೆ ಅವಮಾನ ಇಲ್ವಾ?”

“ಹೋಗ್ದೇ ಇದ್ರೆ ಅವಮಾನ.”

ಪಿಸಾಯಿನಾ ನಿಧಾನವಾಗಿ ಕೇಳಿದರು: “ಹಂಗಾದ್ರೆ, ಮಗು ಹುಟ್ಟಿದಾಗ ದೀಕ್ಷೆ ಕೊಡೋಕೆ ಪಾದ್ರಿಗಳು ಅದರ ತಲೆ ಮೇಲೆ ಏನು ಹಾಕ್ತಾರೆ?”

ಲೌತಾಫಿಯವರ ಬಾಯಿ ಅರ್ಧ ತೆರೆದುಕೊಂಡಿತು. ಏಳು ತಿಂಗಳಲ್ಲಿ ಮೊದಲ ಬಾರಿಗೆ, ಪ್ರಾರ್ಥನೆಯ ಸಮಯವಲ್ಲದಿದ್ದರೂ, ಪಾದ್ರಿ ಎನೋಕಾ ಕಣ್ಣು ಬಿಟ್ಟರು.

“ನೀರು,” ಎಂದರು ಅವರು.

“ನಾನು ಹೇಳಿದ್ದಲ್ಲ, ದೇವರ ಸೇವಕರೇ ಹೇಳಿದ್ದು,” ಎಂದು ಪಿಸಾಯಿನಾ ತಲೆ ತಗ್ಗಿಸಿದರು. “ಅವರ ಜೊತೆ ಸೇವೆ ಮಾಡೋ ನೀರನ್ನ ನಾವು ಇಷ್ಟು ದಿನ ಆಳು ಅಂತ ಬರೆದಿಟ್ಟಿದೀವಿ. ಬಕೆಟ್ಟಲ್ಲಿ ಕೂರಿಸಿ ಕ್ಷಮೆ ಬೇರೆ ಕೇಳಿಸಿದೀವಿ.”

ಪಾದ್ರಿಗಳು ಸಂಪೂರ್ಣವಾಗಿ ಎಚ್ಚರವಾದರು. “ಐದನೇ ನಿಯಮ ಒಂದ್ಸಲ ಓದು ಸೆಮೋ,” ಎಂದರು. ಓದಿದೆ. “ಅಂದ್ರೆ ನೀರಿಗೂ ಪಾಲು ಉಂಟು. ದೇವರ ಸೇವಕರಿಗೆ ಸಲ್ಲೋ ಪಾಲು, ಮತಾಯಿ ಪಾಲಿಗಿಂತ ಮೊದ್ಲು. ನೀರು ತಿನ್ನಲ್ಲ. ಅದರ ಪರವಾಗಿ, ಅಧ್ಯಕ್ಷರು ದೇವರ ಸೇವಕರಲ್ಲದ ಕಾರಣ...”

“ತಾವೇ,” ಎಂದು ಪಿಸಾಯಿನಾ ಥಟ್ಟನೆ ಹೇಳಿದರು.

ಪಾದ್ರಿಗಳು ಅನುಮೋದಿಸಿದರು. ಅಫಮಾಸಂಗರಿಗೆ ಆಮ್ಲದ ಬಿರುದೂ ಸೊಂಟದ ತುಂಡೂ ಹಾಗೆಯೇ ಉಳಿದದ್ದರಿಂದ ಅವರ ಅಡ್ಡಿಯಿರಲಿಲ್ಲ. ಲೌತಾಫಿಯವರು ಮಾತ್ರ ತಮಗೇನೂ ಸಿಗದ್ದನ್ನು ಕಂಡು ಒಂದು ತಿದ್ದುಪಡಿ ಸೂಚಿಸಿದರು. ದೊಡ್ಡ ಮತಾಯಿ ಪೂಜ್ಯರ ಬಳಿಗೆ ಹೋಗುವಾಗ ಒಮ್ಮೆಲೇ ನುಗ್ಗುವುದು ಸಭ್ಯತೆಯಲ್ಲ, ಹನಿಹನಿಯಾಗಿ ಹೋಗಬೇಕು, ಹನಿಗೊಂದು ಸ್ವಾಗತ ಭಾಷಣ ಆಗಬೇಕು. ಪ್ರತಿ ಶಾಲೆಯಲ್ಲಿಯೂ ಅದಕ್ಕೊಬ್ಬ ವಾಗ್ಮಿ ಇರಬೇಕು. ತಕರಾರು ಬರುವುದೆಂದು ಅವರು ಪಿಸಾಯಿನಾ ಕಡೆ ನೋಡಿದರು.

“ಹನಿಹನಿಯಾಗಿ,” ಎಂದರು ಪಿಸಾಯಿನಾ. ಅವರಿಗೆ ನಗುವೋ ಅಳುವೋ ತಿಳಿಯದಂತಾಗಿತ್ತು. “ಭಾಷಣ ಎಷ್ಟು ಉದ್ದ ಬೇಕಾದ್ರೂ ಮಾಡಿ ಯಜಮಾನ್ರೇ. ಉದ್ದ ಇದ್ದಷ್ಟೂ ಒಳ್ಳೇದು.”

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಪುಸ್ತಕ ಅಚ್ಚಿಗೆ ಹೋಯಿತು. ವಾಕ್ಯ ಇದು: ‘ಶ್ರೀಮನ್ಮಹಾ ಗಂಧಕಾಮ್ಲದವರು ಪರಮಪೂಜ್ಯ ನೀರಿನವರ ಬಳಿಗೆ ಹನಿಹನಿಯಾಗಿ ದಯಮಾಡಿಸತಕ್ಕದ್ದು. ಪೂಜ್ಯ ನೀರಿನವರನ್ನು ಗಂಧಕಾಮ್ಲದವರ ಬಳಿಗೆ ಕರೆಸುವುದು ಪಾಪವಾಗಿರುತ್ತದೆ.’

ಪರಿಣಾಮವಾಗಿ ಕೆಲವು ಚಿಕ್ಕಪುಟ್ಟ ಬದಲಾವಣೆಗಳಾದವು. ಪ್ರಯೋಗಾಲಯದ ನಲ್ಲಿಗೆ ಬಿಳಿಯ ಬಟ್ಟೆ ಹೊದಿಸಲಾಯಿತು. ಭಾನುವಾರ ಅದನ್ನು ತಿರುಗಿಸುವಂತಿಲ್ಲ. ಕಕ್ಕಸಿಗೆ ಹೋಗುವ ನೀರು ಅದೇ ಮನೆತನದ್ದೇ ಎಂಬ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಗಿದೆ. ನನಗೆ ಮಾತ್ರ ಒಂದು ಚಿಕ್ಕ ಅಸೂಯೆ ಉಳಿಯಿತು. ಐವತ್ತಾರು ವರ್ಷ ನಾನೂ ಕರೆದಲ್ಲಿಗೆ ಹೋಗಿದ್ದೇನೆ. ಬಡ್ತಿ ನೀರಿಗೆ ಸಿಕ್ಕಿತು.

ನವೆಂಬರಿನಲ್ಲಿ ಪರೀಕ್ಷೆ ಬಂತು. ನ್ಯೂಜಿಲೆಂಡಿನಿಂದ ಪ್ರಿಚರ್ಡ್ ಎಂಬ ಹೊರಗಿನ ಪರೀಕ್ಷಕರು ಬಂದಿದ್ದರು. ಎತ್ತರದ ಮನುಷ್ಯ, ಬೂಟು, ಕೈಯಲ್ಲಿ ಗಡಿಯಾರ. ಅವರು ಬಾಗಿಲಿಗೆ ಬಂದಾಗ ಇಪ್ಪತ್ತಾರು ವಿದ್ಯಾರ್ಥಿಗಳು, ಮುಖ್ಯೋಪಾಧ್ಯಾಯರು, ಪಾದ್ರಿಗಳು, ಅಫಮಾಸಂಗರು ಎಲ್ಲರೂ ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದರು. ಭಾಷಣಕ್ಕೆ ಎದ್ದಿದ್ದ ಲೌತಾಫಿಯವರನ್ನು ಬಿಟ್ಟರೆ ನಿಂತಿದ್ದವಳು ಲನುವೋಲಾ ಒಬ್ಬಳೇ. ಅವಾ ಬಟ್ಟಲು ಒಯ್ಯುವವರು ಸಭೆಯಲ್ಲಿ ನಿಲ್ಲಬಹುದು. ಸುರಿಯುವವರಿಗೂ ಅದೇ ನಿಯಮವನ್ನು ಅನ್ವಯಿಸಲಾಗಿತ್ತು. ಕನ್ನಡಕ, ಕೈಗವಸು ತೊಟ್ಟಿದ್ದಳು. ಕೂದಲನ್ನು ಹಿಂದಕ್ಕೆ ಎತ್ತಿ ಗಂಟು ಕಟ್ಟಿದ್ದಳು. ಕೊರಳಿನ ಕಲೆ ಎಲ್ಲರಿಗೂ ಕಾಣುತ್ತಿತ್ತು.

ಲೌತಾಫಿಯವರು ಕೋಲೂರಿ ಒಂಬತ್ತನೆಯ ಹನಿಯನ್ನು ಸ್ವಾಗತಿಸುತ್ತಿದ್ದರು. ಆಮ್ಲದವರ ಪೂರ್ವಜರು, ಅವರು ಹಾದುಬಂದ ಜ್ವಾಲಾಮುಖಿಗಳು, ಸಮುದ್ರಗಳು, ಎಲ್ಲವೂ ಬಂದವು. ಭಾಷಣ ಮುಗಿಯಿತು. ಲನುವೋಲಾ ಕೊಳವೆಯನ್ನು ಓರೆ ಮಾಡಿದಳು. ಹನಿ ನೀರಿಗೆ ಇಳಿಯಿತು. ಕಡ್ಡಿಯಿಂದ ಮೆಲ್ಲಗೆ ಕಲಕಿದಳು. ಲೋಟ ಬೆಚ್ಚಗಾಯಿತು, ಅಷ್ಟೇ. ಅವಳ ಕೈ ಅಲುಗಲಿಲ್ಲ. ಪಿಸಾಯಿನಾ ತಮ್ಮ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡರು.

“ಇದೇನ್ರೀ ನಡೀತಿರೋದು?” ಎಂದು ಪ್ರಿಚರ್ಡ್ ಪಿಸುಗುಟ್ಟಿದರು. “ಎಲ್ಲರೂ ಯಾಕೆ ಕೆಳಗೆ ಕೂತಿದಾರೆ? ಹತ್ತು ನಿಮಿಷದ ಪ್ರಯೋಗ ಇದು.”

“ಆಮ್ಲದವರು ದಯಮಾಡಿಸ್ತಾ ಇದಾರೆ ಸರ್,” ಎಂದರು ಪಿಸಾಯಿನಾ. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. “ಇನ್ನೂ ಹನ್ನೊಂದು ಹನಿ ಇದೆ.”

“ಇದನ್ನೆಲ್ಲ ಯಾರು ಒಪ್ಪಿದ್ದು?”

ಪಿಸಾಯಿನಾ ಗೋಡೆಗೆ ನೇತುಹಾಕಿದ್ದ ಅಪಘಾತಗಳ ಪುಸ್ತಕವನ್ನು ಅವರ ಕೈಗೆ ಕೊಟ್ಟರು. ಹೊಸ ಪ್ರಯೋಗಪುಸ್ತಕ ಬಂದ ಮೇಲಿನ ದ್ವೀಪದ ಹದಿನಾಲ್ಕು ಶಾಲೆಗಳ ಲೆಕ್ಕ ಅದರಲ್ಲಿತ್ತು. ಪ್ರಿಚರ್ಡ್ ಪುಟ ತಿರುವಿದರು. ಖಾಲಿ. ಇನ್ನೊಂದು ತಿರುವಿದರು. ಅದೂ ಖಾಲಿ. ಕೊನೆಯವರೆಗೂ ತಿರುವಿ, ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಲನುವೋಲಾಳ ಕೊರಳನ್ನೂ ಅವಳ ಕೈಯನ್ನೂ ನೋಡಿದರು.

ಅಷ್ಟರಲ್ಲಿ ಲೌತಾಫಿಯವರು ಹತ್ತನೆಯ ಹನಿಗಾಗಿ ಕೋಲನ್ನು ನೆಲಕ್ಕೆ ಕುಟ್ಟಿ, ನಿಂತೇ ಇದ್ದ ಆ ಎತ್ತರದ ಮನುಷ್ಯನನ್ನು ದುರುಗುಟ್ಟಿ ನೋಡಿದರು. ಪ್ರಿಚರ್ಡ್ ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಬೂಟು ಕಳಚಿ ಬಾಗಿಲಾಚೆ ಇಟ್ಟರು. ನಾನು ನನ್ನ ಪಕ್ಕಕ್ಕೆ ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟೆ.